ಕುಂಕುಮದ ಫಿಲಂ, ಕರಿ ಅಂಗಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಕತ್ತಲೆಗೆಂದೇ ಒಂದು ಕೋಣೆ ಇತ್ತು. ಮದರಾಸಿನ ಪುರಸೈವಾಕ್ಕಂ ಪೇಟೆಬೀದಿಯಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿ ನಮ್ಮದು. ಬೀದಿಗೆ ಮುಖ ಮಾಡಿದ ಕೋಣೆ ಅಪ್ಪನ ಫೋಟೋ ಸ್ಟುಡಿಯೋ. ಹಿಂದೆ ಅಡುಗೆಮನೆ ಮತ್ತು ನಾವು ಮಲಗುವ ಜಾಗ. ಎರಡರ ನಡುವೆ ಬಚ್ಚಲಿನಷ್ಟೇ ಅಗಲದ ಕತ್ತಲೆ ಕೋಣೆ. ಅದರ ಬಾಗಿಲಿನ ಸಂದುಗಳಿಗೆಲ್ಲ ಅಮ್ಮ ಹಳೆಯ ಕಂಬಳಿ ಹರಿದು ಗಿಡಿದಿದ್ದಳು. ಒಳಗೆ ಹೋದರೆ ಹುಳಿ ಹುಳಿ ವಾಸನೆ, ಯಾವಾಗಲೂ ಒದ್ದೆಯಾಗಿರುವ ನೆಲ, ಫೋಟೋ ತೊಳೆಯುವ ತಟ್ಟೆಗಳು. ಅಮ್ಮ ಸಾರಿಗೆ ಒಗ್ಗರಣೆ ಹಾಕಿದರೆ ಆ ಇಂಗಿನ ವಾಸನೆ ಅಷ್ಟು ಕಂಬಳಿ ದಾಟಿಯೂ ಒಳಗೆ ಬರುತ್ತಿತ್ತು.

ಆಗ ಫೋಟೋ ಎಂದರೆ ಕಪ್ಪು ಬಿಳುಪು ಅಷ್ಟೇ. ಹಾಗೆಂದು ಎಲ್ಲ ಫಿಲಮೂ ಒಂದೇ ಎಂದುಕೊಳ್ಳಬೇಡಿ. ಬೇರೆಯವರ ಮನೆಯಲ್ಲಿ ಉಪ್ಪಿನಕಾಯಿಯ ಬಗ್ಗೆ ಎಷ್ಟು ವಾದ ನಡೆಯುತ್ತದೋ, ನಮ್ಮ ಮನೆಯಲ್ಲಿ ಫಿಲಮಿನ ಬಗ್ಗೆ ಅಷ್ಟು ವಾದ ನಡೆಯುತ್ತಿತ್ತು. ಅಪ್ಪನ ಮೆಚ್ಚಿನದು ‘ಪ್ಯಾನ್’ ಎನ್ನುವ ಫಿಲಂ. ಅದಕ್ಕೆ ಎಲ್ಲ ಬಣ್ಣವೂ ಕಾಣುತ್ತಿತ್ತು. ಒಂದೊಂದು ಬಣ್ಣವನ್ನೂ ಅದು ಒಂದೊಂದು ಬಗೆಯ ಬೂದಿಯಾಗಿ ಮಾಡಿಕೊಡುತ್ತಿತ್ತು. ಅಕ್ಕನಿಗೆ ಇನ್ನೊಂದು ಜಾತಿಯದು ಇಷ್ಟ. ಕಡಿಮೆ ಬೆಳಕಿನಲ್ಲೂ ಫೋಟೋ ಬರುವ ಫಿಲಂ ಅದು, ಆದರೆ ದೊಡ್ಡದು ಮಾಡಿದರೆ ಮುಖದ ತುಂಬ ಕಾಳು ಕಾಳು. ಅಮ್ಮ ಅದಕ್ಕೆ ರವೆ ಫಿಲಂ ಎಂದು ಹೆಸರಿಟ್ಟಿದ್ದಳು. “ಇದರಲ್ಲಿ ಫೋಟೋ ತೆಗೆಸಿಕೊಂಡರೆ ಉಪ್ಪಿಟ್ಟಿಗೆ ಬಿದ್ದು ಎದ್ದ ಹಾಗೆ ಇರ್ತೀನಿ” ಎನ್ನುತ್ತಿದ್ದಳು.

ಅಮ್ಮನ ಮೆಚ್ಚಿನದು ‘ಆರ್ಥೋ’. ಈ ಆರ್ಥೋಗೆ ಕೆಂಪು ಬಣ್ಣ ಕಾಣುವುದೇ ಇಲ್ಲ. ಕೆಂಪೆಲ್ಲ ಅದಕ್ಕೆ ಕತ್ತಲೆ. ಆದ್ದರಿಂದ ಹಣೆಯ ಕುಂಕುಮ ಅದರಲ್ಲಿ ಕಾಡಿಗೆಯಷ್ಟು ಕರ್ರಗೆ, ಗುಂಡಗೆ ಮೂಡುತ್ತಿತ್ತು. ಅಪ್ಪನ ಪ್ಯಾನಿನಲ್ಲಿ ಅದೇ ಕುಂಕುಮ ಬೂದಿಯಾಗಿ, ಹಣೆಯ ಬಣ್ಣದಲ್ಲೇ ಬೆರೆತು ಮಾಯವಾಗುತ್ತಿತ್ತು. ಒಮ್ಮೆ ಒಬ್ಬರು ಮಗಳ ಮದುವೆಯ ಫೋಟೋವನ್ನು ತಂದು ಅಪ್ಪನ ಮೇಜಿನ ಮೇಲೆ ಬಿಸಾಡಿ, “ತಾಳಿ ಕಟ್ಟಿದ ದಿನವೇ ನನ್ನ ಮಗಳ ಕುಂಕುಮ ಅಳಿಸಿದ್ದೀಯಲ್ಲಯ್ಯಾ” ಎಂದು ಅತ್ತುಬಿಟ್ಟಿದ್ದರು. ಆವತ್ತಿನಿಂದ ಮುತ್ತೈದೆಯರ ಫೋಟೋಗಳಿಗೆಲ್ಲ ಆರ್ಥೋ. ಅಮ್ಮ ಅದನ್ನು ಕುಂಕುಮದ ಫಿಲಂ ಎಂದೇ ಕರೆಯುತ್ತಿದ್ದಳು.

ನನಗೂ ಅದೇ ಇಷ್ಟ, ಆದರೆ ಕಾರಣ ಬೇರೆ. ಪ್ಯಾನನ್ನು ತೊಳೆಯುವಾಗ ಒಂದು ಚುಕ್ಕೆ ಬೆಳಕೂ ಇರಬಾರದು. ಆರ್ಥೋಗೆ ಕೆಂಪು ಕಾಣುವುದಿಲ್ಲವಲ್ಲ, ಅದಕ್ಕೆ ಕೆಂಪು ದೀಪ ಹಾಕಿಕೊಳ್ಳಬಹುದು. ಅಪ್ಪ ನನ್ನನ್ನು ಮಣೆಯ ಮೇಲೆ ನಿಲ್ಲಿಸಿ ತಟ್ಟೆ ಅಲುಗಿಸಲು ಬಿಡುತ್ತಿದ್ದರು. ಖಾಲಿ ಫಿಲಮಿನ ಮೇಲೆ ಮೊದಲು ಆಕಾಶ, ಆಮೇಲೆ ಬಿಳಿ ಪಂಚೆ, ಆಮೇಲೆ ಮುಖ, ಹೀಗೆ ಒಂದೊಂದೇ ಕಣ್ಣೆದುರು ಎದ್ದು ಬರುವುದನ್ನು ನೋಡುತ್ತ ನಾನು ಊಟ ಮರೆಯುತ್ತಿದ್ದೆ.

ಕಾರ್ತಿಕ ಮಾಸದ ಒಂದು ದಿನ. ಶಾಲೆಗೆ ರಜ. ಮುಂದೆ ಸಂಕ್ರಾಂತಿಗೆ ತಮಿಳರ ತೈ ತಿಂಗಳು ಬಂದರೆ ಮದುವೆಗಳ ಸಾಲು. ಅದಕ್ಕೆ ಯಾವ ಫಿಲಂ ತರಿಸಬೇಕೆಂದು ಅಪ್ಪನಿಗೂ ಅಮ್ಮನಿಗೂ ಮತ್ತೆ ವಾದ ಹತ್ತಿತು. ಹೊಸದಾಗಿ ಬಂದ ಒಂದು ಪ್ಯಾನ್ ಫಿಲಮಿನಲ್ಲಿ ಕುಂಕುಮ ಚೆನ್ನಾಗಿ ಮೂಡುತ್ತದಂತೆ ಎಂದರು ಅಪ್ಪ. “ಅಂತೆ ಅನ್ನೋದು ಬೇಡ, ತೋರಿಸಿ” ಎಂದಳು ಅಮ್ಮ. ಸರಿ, ಪರೀಕ್ಷೆಯೇ ಆಗಲಿ ಎಂದುಕೊಂಡು ಅಪ್ಪ ತಮ್ಮ ದೊಡ್ಡ ಕ್ಯಾಮೆರಾಗೆ ಆರ್ಥೋ ಹಾಕಿದರು, ಅಕ್ಕನ ಡಬ್ಬಿ ಕ್ಯಾಮೆರಾಗೆ ಹೊಸ ಪ್ಯಾನ್ ಹಾಕಿದರು. ಇಬ್ಬರೂ ಸ್ಟುಡಿಯೋ ಕಿಟಕಿಯಲ್ಲಿ ಪಕ್ಕಪಕ್ಕ ನಿಂತು, ಒಂದೇ ಹೊತ್ತಿಗೆ ಒಂದೇ ನೋಟವನ್ನು ತೆಗೆಯಬೇಕು. ಆಮೇಲೆ ಎರಡನ್ನೂ ಹೋಲಿಸಿ ತೀರ್ಮಾನ.

ಕಿಟಕಿಯ ಕೆಳಗೆ, ಎದುರುಗಡೆ, ಹೂವಿನಮ್ಮ ಕೂರುತ್ತಿದ್ದಳು. ಅವಳ ಹಣೆಯಲ್ಲಿ ಎಂಟಾಣೆ ಅಗಲದ ಕುಂಕುಮ. ಪರೀಕ್ಷೆಗೆ ಅವಳಿಗಿಂತ ತಕ್ಕವರು ಯಾರು? ಬೀದಿಯ ಮಾತೆಲ್ಲ ತಮಿಳು, ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ. “ಹೂವಿನಮ್ಮ, ಸ್ವಲ್ಪ ಮೇಲೆ ನೋಡು” ಎಂದು ಅಪ್ಪ ಕೂಗಿದರು. “ಬೆಳ್ಳಗೆ ತೆಗೆಯೋದಾದ್ರೆ ನೋಡ್ತೀನಿ. ಹೋದ ಸಲ ನನ್ನ ತಂಗಿಯನ್ನ ನೀನು ಇದ್ದಿಲು ಮೂಟೆ ಮಾಡಿದ್ದೆ” ಎಂದಳು ಅವಳು, ಮಲ್ಲಿಗೆ ಕಟ್ಟುವ ಕೈ ನಿಲ್ಲಿಸದೆ. ಅವಳ ಪಕ್ಕ ನಿಂತು ಬಟ್ಟೆ ಉಜ್ಜುತ್ತಿದ್ದ ಇಸ್ತ್ರಿ ಅಣ್ಣ ನಕ್ಕ.

ಈ ಇಸ್ತ್ರಿ ಅಣ್ಣನ ವಿಷಯ ಇಲ್ಲೇ ಹೇಳಬೇಕು. ನಾಲ್ಕು ಚಕ್ರದ ತಳ್ಳುಗಾಡಿ, ಅದರ ಮೇಲೆ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ. ನಮ್ಮ ಬೀದಿಯ ಅಂಗಿಗಳೆಲ್ಲ ಅವನ ಕೈಯಲ್ಲೇ ಮಡಿಕೆ ಬೀಳುತ್ತಿದ್ದವು. ಆ ತಿಂಗಳು ಅವನು ಶಬರಿಮಲೆಗೆ ಮಾಲೆ ಹಾಕಿಕೊಂಡಿದ್ದ. ಮೈಮೇಲೆ ಕಪ್ಪು ಅಂಗಿ, ಕಪ್ಪು ಪಂಚೆ, ಕತ್ತಿನಲ್ಲಿ ಮಣಿಸರ. ವ್ರತದಲ್ಲಿರುವವರು ಕೋಪಿಸಿಕೊಳ್ಳಬಾರದು, ಯಾರ ಮೇಲೂ ಕೈ ಎತ್ತಬಾರದು. ಎಲ್ಲರನ್ನೂ ‘ಸಾಮಿ’ ಎಂದೇ ಕರೆಯಬೇಕು. ಅವನು ನನ್ನನ್ನೂ ಸಾಮಿ ಎನ್ನುತ್ತಿದ್ದ, ಬೀದಿನಾಯಿಯನ್ನೂ ಸಾಮಿ ಎನ್ನುತ್ತಿದ್ದ. ಅವನ ಗಾಡಿಯ ಆಚೆಗೆ ಗೋಲಿ ಸೋಡಾ ಅಂಗಡಿ. ಬೇವಿನ ಮರದ ನೆರಳು ಯಾರಿಗೆ ಸೇರಿದ್ದು ಎಂದು ಸೋಡಾ ಯಜಮಾನರಿಗೂ ಅವನಿಗೂ ಹಿಂದಿನ ವಾರವಷ್ಟೇ ಮಾತಿಗೆ ಮಾತು ಬೆಳೆದಿತ್ತು.

ಅಪ್ಪ ಒಂದು ಫೋಟೋ ತೆಗೆದರು, ಅಕ್ಕ ಒಂದು ತೆಗೆದಳು. ಎರಡನೆಯದಕ್ಕೆ ಫಿಲಂ ತಿರುಗಿಸುತ್ತಿದ್ದಾಗ ಬೀದಿಯ ತುದಿಯಿಂದ ಹುಡುಗರ ಒಂದು ದಂಡು ಓಡಿಬಂತು. ಹಿಂದಿನ ಸಂಜೆ ಕಬಡ್ಡಿ ಪಂದ್ಯದಲ್ಲಿ ಸೋಡಾ ಯಜಮಾನರ ಮಗನ ತಂಡ ಗೆದ್ದಿತ್ತು. ಸೋತವರು ಮೋಸ ಎಂದಿದ್ದರು. ಆ ಮಾತು ರಾತ್ರಿ ಮಲಗಿ, ಬೆಳಗ್ಗೆ ಕೋಲು ಹಿಡಿದು ಎದ್ದಿತ್ತು.

ಮೊದಲ ಸೋಡಾ ಬಾಟಲಿ ರಸ್ತೆಯ ನಡುವೆ ಸಿಡಿದಾಗ ನಾನು ಪಟಾಕಿ ಅಂದುಕೊಂಡೆ. ಗೋಲಿ ಸೋಡಾದ ದಪ್ಪ ಗಾಜು ಒಡೆದರೆ ಚೂರುಗಳು ಆಳೆತ್ತರ ಹಾರುತ್ತವೆ. ಎರಡನೆಯದು ಪಾತ್ರೆ ಅಂಗಡಿಯ ಹಿತ್ತಾಳೆ ಕೊಡಕ್ಕೆ ಬಡಿದು ಗಂಟೆ ಹೊಡೆದ ಹಾಗೆ ಸದ್ದಾಯಿತು. ಅಂಗಡಿಗಳ ತಗಡಿನ ಬಾಗಿಲುಗಳು ದಡದಡ ಇಳಿದವು. ಒಬ್ಬ ಸೈಕಲ್ ಚೈನನ್ನು ತಲೆಯ ಮೇಲೆ ಸುತ್ತುತ್ತಿದ್ದ, ಅದರ ಸುಯ್ ಎನ್ನುವ ಸದ್ದು ನಮ್ಮ ಕಿಟಕಿಯವರೆಗೂ ಬರುತ್ತಿತ್ತು. ಒಬ್ಬನ ಕೆನ್ನೆ ಸೀಳಿತು. ಇನ್ನೊಬ್ಬನನ್ನು ಕೂದಲು ಹಿಡಿದು ಎಳೆದು ಚರಂಡಿಯ ಕಟ್ಟೆಗೆ ಕುಕ್ಕಿದರು. ಹೂವಿನಮ್ಮ ಬುಟ್ಟಿಯನ್ನು ತಬ್ಬಿಕೊಂಡು ಗೋಡೆಗೆ ಒರಗಿ ಕೂತುಬಿಟ್ಟಳು. ಇಸ್ತ್ರಿ ಅಣ್ಣ ಕೆಂಡದ ಪೆಟ್ಟಿಗೆ ಯಾರ ಮೇಲೂ ಬೀಳದಿರಲಿ ಎಂದು ಗಾಡಿಯನ್ನು ತಳ್ಳಿಕೊಂಡು ಓಣಿಯೊಳಗೆ ಹೋದ. ಅದನ್ನು ನಾನು ಕಣ್ಣಾರೆ ಕಂಡೆ.

“ಕಿಟಕಿ ಮುಚ್ರೀ” ಎಂದು ಅಮ್ಮ ಹಿಂದಿನಿಂದ ಅಪ್ಪನ ಅಂಗಿ ಎಳೆಯುತ್ತಿದ್ದಳು. ಅಪ್ಪ ಕ್ಯಾಮೆರಾ ಬಿಡಲಿಲ್ಲ. ಅಕ್ಕನೂ ಬಿಡಲಿಲ್ಲ. ಸೋಡಾ ಯಜಮಾನರ ಮಗ ತನ್ನ ಅಂಗಡಿಯ ಮುಂದೆ ಎಡವಿ ಮಂಡಿಯೂರಿದ್ದ. ಅವನ ಹಿಂದೆ ಒಬ್ಬ, ನಮಗೆ ಬೆನ್ನು ಹಾಕಿ, ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಮೇಲೆತ್ತಿದ. ನಮ್ಮ ಕಣ್ಣೆಲ್ಲ ಆ ಸರಳಿನ ಮೇಲಿತ್ತು, ಅವನ ಅಂಗಿಯ ಬಣ್ಣ ಯಾರೂ ಗಮನಿಸಲಿಲ್ಲ. ಪಕ್ಕಪಕ್ಕದಲ್ಲೇ ಎರಡು ಕ್ಯಾಮೆರಾ ಕ್ಲಿಕ್ ಎಂದವು. ಆಮೇಲೆ ಸರಳು ಇಳಿಯಿತು. ಒಣ ತೆಂಗಿನಕಾಯಿ ನೆಲಕ್ಕೆ ಬಿದ್ದಂಥ ಆ ಸದ್ದು ನನಗೆ ಈಗಲೂ ನೆನಪಿದೆ, ಅದನ್ನು ಇನ್ನೂ ಹೆಚ್ಚು ವಿವರಿಸುವುದಿಲ್ಲ.

ಬಂದಷ್ಟೇ ಬೇಗ ದಂಡು ಚದುರಿತು. ಸೋಡಾ ಹುಡುಗನನ್ನು ರಿಕ್ಷಾದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದರು. ರಸ್ತೆಯ ಮೇಲೆ ಗಾಜು, ಒಂಟಿ ಚಪ್ಪಲಿಗಳು, ತುಳಿದ ಮಲ್ಲಿಗೆ. ರಕ್ತದ ಮೇಲೆ ಯಾರೋ ಒಂದು ಬಿಂದಿಗೆ ನೀರು ಸುರಿದರು, ಅದು ಗುಲಾಬಿಯಾಗಿ ಚರಂಡಿಗೆ ಹರಿಯಿತು.

ಅಪ್ಪ ಕತ್ತಲೆ ಕೋಣೆಗೆ ಹೋಗಿ ಕೆಂಪು ದೀಪ ಹಾಕಿದರು. ನಾನು ಮಣೆಯ ಮೇಲೆ ನಿಂತು ತಟ್ಟೆ ಅಲುಗಿಸಿದೆ. ಅಪ್ಪನಿಗೆ ಅವಸರ. ಫಿಲಂ ಒಣಗುವವರೆಗೂ ಕಾಯದೆ, ಒದ್ದೆಯದನ್ನೇ ಯಂತ್ರಕ್ಕೆ ಹಾಕಿ ಫೋಟೋ ಮಾಡಿದರು. ಮೊದಲನೆಯದು ಸ್ವಲ್ಪ ತೆಳ್ಳಗೆ ಬಂತೆಂದು ಪಕ್ಕಕ್ಕೆ ಹಾಕಿ ಎರಡನೆಯದನ್ನು ಮಾಡಿದರು. ತಟ್ಟೆಯ ನೀರಿನಲ್ಲಿ ಬೀದಿ ಮೂಡಿತು, ಮಂಡಿಯೂರಿದ ಹುಡುಗ ಮೂಡಿದ, ಅವನ ಮೇಲೆ ಎತ್ತಿದ ಸರಳು ಮೂಡಿತು, ಅದನ್ನು ಹಿಡಿದ ಬೆನ್ನು ಮೂಡಿತು. ಸೊಂಟದಿಂದ ಕೆಳಗೆ ಜನ ಅಡ್ಡ ನಿಂತಿದ್ದರು. ಕಾಣುತ್ತಿದ್ದದ್ದು ಅಂಗಿ ಮಾತ್ರ. ಕರ್ರಗಿನ ಅಂಗಿ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಗಳು. ಸೋಡಾ ಯಜಮಾನರು ಬಂದಿದ್ದರು, ಹಿಂದೆ ಅವರ ಕಡೆಯ ಏಳೆಂಟು ಜನ. ದೊಡ್ಡ ಮೈಯ ಮನುಷ್ಯ, ಅಂಗಿಯ ತುಂಬ ಮಗನ ರಕ್ತ. “ನೀವು ಕಿಟಕಿಯಲ್ಲಿ ನಿಂತಿದ್ದನ್ನ ನೋಡಿದ್ದೇವೆ. ನನ್ನ ಮಗ ಉಳೀತಾನೋ ಇಲ್ವೋ ಗೊತ್ತಿಲ್ಲ. ಹೊಡೆದವನ ಮುಖ ತೋರಿಸಿ, ಅಷ್ಟು ಸಾಕು” ಎಂದರು. ಗಟ್ಟಿಯಾಗಿ ಕೂಗಿದ್ದರೆ ಅಪ್ಪ ಬಾಗಿಲು ಹಾಕುತ್ತಿದ್ದರೋ ಏನೋ. ಅವರು ಮೆಲ್ಲಗೆ ಕೇಳಿದರು. “ಮುಖ ಬಂದಿಲ್ಲ ಯಜಮಾನ್ರೇ, ಬೆನ್ನು ಮಾತ್ರ” ಎನ್ನುತ್ತ ಅಪ್ಪ ನೀರು ತೊಟ್ಟಿಕ್ಕುವ ಫೋಟೋವನ್ನು ಅವರ ಕೈಗೆ ಕೊಟ್ಟರು.

ಅವರು ಅದನ್ನು ಬೆಳಕಿಗೆ ಹಿಡಿದರು. ಹಿಂದಿನಿಂದ ಒಬ್ಬ ಕತ್ತು ಚಾಚಿ, “ಕರಿ ಅಂಗಿ” ಎಂದ. ಇನ್ನೊಬ್ಬ, “ಈ ಬೀದೀಲಿ ಇವತ್ತು ಕರಿ ಅಂಗಿ ಹಾಕಿದವನು ಒಬ್ಬನೇ” ಎಂದ. ಮೂರನೆಯವನು, “ನೆರಳಿನ ಜಗಳ” ಎಂದ. ಇಸ್ತ್ರಿ ಅಣ್ಣ ಓಣಿಗೆ ಹೋದದ್ದನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಮೆಟ್ಟಿಲಿಳಿದು ಓಡಿದರು, ಫೋಟೋ ಯಜಮಾನರ ಮುಷ್ಟಿಯಲ್ಲಿತ್ತು.

ಅಮ್ಮ ಕತ್ತಲೆ ಕೋಣೆಗೆ ಬಂದಳು. ಪಕ್ಕಕ್ಕೆ ಹಾಕಿದ ತೆಳ್ಳಗಿನ ಫೋಟೋ ಅವಳ ಕಣ್ಣಿಗೆ ಬಿತ್ತು. ಮೂಲೆಯಲ್ಲಿ ಗೋಡೆಗೆ ಒರಗಿದ ಹೂವಿನಮ್ಮನನ್ನು ನೋಡಿ, “ಪಾಪ, ಹೇಗೆ ಹೆದರಿದ್ದಾಳೆ ನೋಡಿ. ಆದರೂ ಕುಂಕುಮ ಮಾತ್ರ ಕರ್ರಗೆ ಬಂದಿದೆ” ಎಂದಳು.

ಅಪ್ಪ ಆ ಫೋಟೋವನ್ನು ಅವಳ ಕೈಯಿಂದ ತೆಗೆದುಕೊಂಡು ನೋಡಿದರು.  ಆರ್ಥೋದ ಗುಣ ನಮ್ಮ ಬೀದಿಯಲ್ಲಿ ಅವರಷ್ಟು ಬಲ್ಲವರು ಯಾರೂ ಇರಲಿಲ್ಲ. ಆ ಗಡಿಬಿಡಿಯಲ್ಲಿ ಅವರೇ ಅದನ್ನು ಮರೆತಿದ್ದರು. “ಅಂಗಿ ಕೆಂಪಿರಬಹುದು ಕಣೇ” ಎಂದವರು ಫೋಟೋ ತೊಳೆಯುವಾಗ ಕಟ್ಟಿಕೊಳ್ಳುವ ರಬ್ಬರಿನ ಏಪ್ರನ್ ಕೂಡ ಬಿಚ್ಚದೆ ಓಡಿದರು. ನಾನು ಹಿಂದೆಯೇ ಓಡಿದೆ. ಅಮ್ಮ ಮೆಟ್ಟಿಲ ಕೊನೆಯಲ್ಲಿ ನನ್ನ ಕಾಲರು ಹಿಡಿದು ನಿಲ್ಲಿಸಿದಳು. ಅಲ್ಲಿಂದ ಎಲ್ಲವೂ ಕಾಣುತ್ತಿತ್ತು.

ಇಸ್ತ್ರಿ ಅಣ್ಣನನ್ನು ಓಣಿಯಿಂದ ಎಳೆದು ತಂದಿದ್ದರು. ಗಾಡಿ ಮಗುಚಿತ್ತು. ಪೆಟ್ಟಿಗೆಯ ಬಾಯಿ ತೆರೆದು ಕೆಂಡಗಳು ರಸ್ತೆಯ ತುಂಬ ಉರುಳಿದ್ದವು, ಯಾರದೋ ಬಿಳಿ ಅಂಗಿ ಹೊಗೆಯಾಡುತ್ತಿತ್ತು. ಅವನ ಕತ್ತಿನ ಮಾಲೆಯನ್ನು ಹಿಡಿದು ಎಳೆದಾಗ ದಾರ ಕಡಿದು ಮಣಿಗಳು ಸಿಡಿದವು. ಅಷ್ಟಾದರೂ ಅವನು ಒಬ್ಬರ ಮೇಲೂ ಕೈ ಎತ್ತಲಿಲ್ಲ. ತಲೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು, ಒದೆಯುತ್ತಿದ್ದವರಿಗೇ “ಸಾಮಿ, ನಾನಲ್ಲ ಸಾಮಿ” ಎನ್ನುತ್ತಿದ್ದ. ಒಬ್ಬ ಸೋಡಾ ಬಾಟಲಿ ಜೋಡಿಸುವ ಮರದ ಪೆಟ್ಟಿಗೆಯನ್ನು ಎತ್ತಿ ಹಾಕಿದ. ತಲೆಗೆ ಬೀಳಬೇಕಾದದ್ದು ತಲೆ ಮುಚ್ಚಿಕೊಂಡಿದ್ದ ಬಲಗೈ ಮೇಲೆ ಬಿತ್ತು. ಅವನು ಕೂಗಿದ ಕೂಗಿಗೆ ಅಮ್ಮ ನನ್ನ ಕಣ್ಣು ಮುಚ್ಚಿದಳು. ಕಿವಿ ಮುಚ್ಚಲು ಅವಳಿಗೆ ಇನ್ನೆರಡು ಕೈ ಇರಲಿಲ್ಲ.

ನಾನು ಅವಳ ಬೆರಳುಗಳ ಸಂದಿನಿಂದ ನೋಡಿದೆ. ಅಪ್ಪ ನುಗ್ಗಿ ಹೋಗಿ ಇಸ್ತ್ರಿ ಅಣ್ಣನ ಮೇಲೆ ಬಾಗಿದರು. ಒಡೆದ ಪೆಟ್ಟಿಗೆಯಿಂದ ಕಿತ್ತು ಬೀಸಿದ ಹಲಗೆ ಅವರ ಹುಬ್ಬಿಗೆ ಬಡಿಯಿತು. ಕಣ್ಣಿಗೆ ರಕ್ತ ಇಳಿಯುತ್ತಿದ್ದರೂ ಅವರು ಸೋಡಾ ಯಜಮಾನರ ಮಣಿಕಟ್ಟು ಹಿಡಿದರು.

“ಒಂದು ಸಲ ಆ ಫೋಟೋ ನೋಡಿ ಯಜಮಾನ್ರೇ. ಆಮೇಲೆ ಬೇಕಿದ್ರೆ ನನ್ನನ್ನೂ ಹೊಡೀರಿ.”

“ನೋಡಾಯ್ತು.”

“ಅವನನ್ನಲ್ಲ. ಅವನ ಹಿಂದೆ, ಮೂಲೆಯಲ್ಲಿ, ಅಂಚೆ ಡಬ್ಬ ಇದೆ. ಅದು ಯಾವ ಬಣ್ಣ?”

ಯಜಮಾನರು ಮುಷ್ಟಿ ಬಿಚ್ಚಿದರು. ಮುದುಡಿದ ಫೋಟೋವನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿ, “ಕಪ್ಪು” ಎಂದರು.

“ಈಗ ಅಲ್ಲಿ ನೋಡಿ.”

ಬೀದಿಯ ಮೂಲೆಯಲ್ಲಿ ಅಂಚೆ ಡಬ್ಬ ದಿನಾ ನಿಲ್ಲುವ ಹಾಗೆಯೇ ನಿಂತಿತ್ತು, ಬಿಸಿಲಿಗೆ ಕೆಂಪಗೆ ಹೊಳೆಯುತ್ತ. ಯಜಮಾನರು ಅದನ್ನು ನೋಡಿದರು, ಫೋಟೋ ನೋಡಿದರು, ಮತ್ತೆ ಅದನ್ನು ನೋಡಿದರು. ಒದೆಯಲು ಎತ್ತಿದ ಕಾಲೊಂದು ಮೆಲ್ಲಗೆ ಕೆಳಗಿಳಿಯಿತು.

“ಈ ಫಿಲಮಿಗೆ ಕೆಂಪು ಕಾಣೋದಿಲ್ಲ. ಕೆಂಪನ್ನೆಲ್ಲ ಕಪ್ಪು ಮಾಡಿಬಿಡುತ್ತೆ” ಎಂದರು ಅಪ್ಪ. “ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮರೆತು ನಿಮ್ಮ ಕೈಗೆ ಕೊಟ್ಟೆ. ತಪ್ಪು ನಂದು.”

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಗುಂಪಿನಲ್ಲಿದ್ದ ಒಬ್ಬ, “ಹಾಗಾದ್ರೆ ಹೊಡೆದವನದು ಕೆಂಪು ಅಂಗಿ” ಎಂದ. ಅಷ್ಟೂ ಕಣ್ಣುಗಳು ಒಟ್ಟಿಗೆ ಬೀದಿಯನ್ನು ಹುಡುಕಲು ತೊಡಗಿದವು. ಟೀ ಅಂಗಡಿಯ ಮುಂದೆ ರೈಲ್ವೆ ಸ್ಟೇಷನ್ನಿನ ಕೂಲಿಯೊಬ್ಬ ನಿಂತಿದ್ದ. ಕೂಲಿಗಳ ಅಂಗಿ ಯಾವ ಬಣ್ಣ ಎಂದು ನಿಮಗೆ ಗೊತ್ತು. ಕೆಲಸ ಮುಗಿಸಿ ಆಗಷ್ಟೇ ಬಂದು ಟೀ ಕುಡಿಯುತ್ತಿದ್ದವನು, ಲೋಟವನ್ನು ಕಟ್ಟೆಯ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. ಹಲಗೆ ಹಿಡಿದಿದ್ದವನು ಒಂದು ಹೆಜ್ಜೆ ಮುಂದೆ ಇಟ್ಟ.

ಅಪ್ಪ ಯಜಮಾನರ ಕೈಯಿಂದ ಫೋಟೋ ಕಿತ್ತುಕೊಂಡು ಹರಿದರು. ಒದ್ದೆ ಕಾಗದ ಸುಲಭವಾಗಿ ಹರಿಯುವುದಿಲ್ಲ, ಎಳೆಯಬೇಕು. ಎಳೆದು ಎಳೆದು ಹರಿಯುತ್ತ ಹೇಳಿದರು, “ಕೆಂಪಿರಬಹುದು. ಕಾವಿ ಇರಬಹುದು. ಕಂದು ಇರಬಹುದು. ಇದನ್ನೊಂದೇ ನೋಡಿದರೆ ನನಗೆ ಗೊತ್ತಾಗೋದಿಲ್ಲ, ನಿಮಗೂ ಗೊತ್ತಾಗೋದಿಲ್ಲ. ಇನ್ನು ಎಷ್ಟು ಜನರನ್ನ ಹೊಡೀತೀರಿ?”

ಮೆಟ್ಟಿಲ ಮೇಲೆ ನಮ್ಮ ಹಿಂದೆ ನಿಂತಿದ್ದ ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಅವಳ ಕ್ಯಾಮೆರಾದಲ್ಲಿ ಇನ್ನೊಂದು ಫಿಲಂ ಇತ್ತಲ್ಲ. ಅಮ್ಮ ಅವಳ ತೋಳು ಹಿಡಿದು ಅಮುಕಿದಳು. ಆ ತೋಳಿನಲ್ಲಿ ಸಂಜೆಯವರೆಗೂ ಐದು ಬೆರಳಿನ ಗುರುತು ಇತ್ತು.

ಸೋಡಾ ಯಜಮಾನರು ತಮ್ಮ ಅಂಗಡಿಯ ಮುಂದೆ, ಮಗ ಬಿದ್ದ ಜಾಗದಲ್ಲೇ ಕುಸಿದು ಕೂತರು. ಇಸ್ತ್ರಿ ಅಣ್ಣ ಕೈಯನ್ನು ಎದೆಗೆ ಒತ್ತಿಕೊಂಡು ನರಳುತ್ತಿದ್ದ, ಬೆರಳುಗಳು ಇರಬೇಕಾದ ಕಡೆಗೆ ಇರಲಿಲ್ಲ. ಯಜಮಾನರು ಅವನನ್ನೇ ಬಹಳ ಹೊತ್ತು ನೋಡಿದರು. ಕೊನೆಗೆ ತಮ್ಮವರಿಗೆ, “ಗಾಡಿ ಕರೀರೋ. ನನ್ನ ಮಗ ಇರೋ ಆಸ್ಪತ್ರೆಗೇ ಕರ್ಕೊಂಡು ಹೋಗಿ” ಎಂದರು. ಹೂವಿನಮ್ಮ ಕೆಂಡಗಳ ನಡುವೆ ಬಗ್ಗಿ ಬಗ್ಗಿ ಮಾಲೆಯ ಮಣಿಗಳನ್ನು ಆಯ್ದು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. “ಒಂಬತ್ತು ಜನ ಸೇರಿ ವ್ರತದ ಮನುಷ್ಯನನ್ನ ಹೊಡೆದ್ರಲ್ಲೋ, ಕಬಡ್ಡೀಲೂ ಒಂದು ಕಡೆಗೆ ಏಳೇ ಜನ ಇರೋದು” ಎಂದಳು. 

ಮಧ್ಯಾಹ್ನ ಅಮ್ಮ ಅಪ್ಪನ ಹುಬ್ಬಿಗೆ ಅರಿಶಿನ ಒತ್ತಿ ಬಟ್ಟೆ ಕಟ್ಟಿದ ಮೇಲೆ, ಅಪ್ಪ ಅಕ್ಕನ ಫಿಲಂ ತೊಳೆದರು. ಈ ಸಲ ದೀಪವಿಲ್ಲ. ಆ ಕಗ್ಗತ್ತಲಲ್ಲಿ ನನಗೆ ಕೇಳಿಸಿದ್ದು ನೀರಿನ ಸದ್ದು ಮತ್ತು ಅಪ್ಪನ ಉಸಿರು ಮಾತ್ರ. ನನಗೆ ಅಳು ಬಂತು. ಕತ್ತಲೆಯಲ್ಲಿ ಅತ್ತರೆ ಒಂದು ಅನುಕೂಲ, ಯಾರೂ ಯಾಕೆ ಎಂದು ಕೇಳುವುದಿಲ್ಲ.

ಉಳಿದಿದ್ದ ತೆಳ್ಳಗಿನ ಆರ್ಥೋ ಫೋಟೋವನ್ನೂ ಅಕ್ಕನ ಪ್ಯಾನಿನದನ್ನೂ ಅಪ್ಪ ದಾರಕ್ಕೆ ಪಕ್ಕಪಕ್ಕ ಕ್ಲಿಪ್ ಹಾಕಿ ನೇತುಹಾಕಿದರು. ಬೆಳಗ್ಗೆ ಹೋಲಿಸಬೇಕೆಂದುಕೊಂಡದ್ದು ಏನನ್ನೋ, ಈಗ ಹೋಲಿಸುತ್ತಿದ್ದದ್ದು ಏನನ್ನೋ. ಆರ್ಥೋದಲ್ಲಿ ರಸ್ತೆಯ ರಕ್ತ ಡಾಂಬರಿನಂತೆ ಕಪ್ಪು, ಪ್ಯಾನಿನಲ್ಲಿ ಅದು ಬರೀ ಒದ್ದೆ ನೆಲ. ಆರ್ಥೋದಲ್ಲಿ ಹೂವಿನಮ್ಮನ ಕುಂಕುಮ ಕಣ್ಣಿಗೆ ಹೊಡೆಯುತ್ತಿತ್ತು, ಪ್ಯಾನಿನಲ್ಲಿ ಅವಳ ಹಣೆ ಬೋಳು. ಒಂದರಲ್ಲಿ ಅಂಗಿ ಕಪ್ಪು, ಇನ್ನೊಂದರಲ್ಲಿ ತಿಳಿ ಬೂದಿ. ಅದು ಕರಿ ಅಂಗಿಯಾಗಿದ್ದರೆ ಎರಡರಲ್ಲೂ ಕಪ್ಪಾಗಿಯೇ ಇರುತ್ತಿತ್ತು. ಒಂದೊಂದನ್ನೇ ನೋಡಿದರೆ ಯಾವುದೂ ಪೂರ್ತಿ ಹೇಳುತ್ತಿರಲಿಲ್ಲ. ಪೊಲೀಸರು ಬಂದು ಕೇಳಿದಾಗ ಅಪ್ಪ, “ಒಣಗಲಿ ಸಾರ್” ಎಂದರು. ಮರುದಿನ ಎರಡನ್ನೂ ಒಟ್ಟಿಗೇ ತೆಗೆದುಕೊಂಡು ಠಾಣೆಗೆ ಹೋಗಿ, ಅವುಗಳ ಗುಣವನ್ನೆಲ್ಲ ವಿವರಿಸಿ, ಕೊಟ್ಟು ಬಂದರು. ಆ ಕೆಂಪಂಗಿಯವನು ಸಿಕ್ಕಿದನೋ ಇಲ್ಲವೋ, ಮಕ್ಕಳಿಗೆ ಯಾರೂ ಹೇಳಲಿಲ್ಲ. ಸೋಡಾ ಹುಡುಗ ಬದುಕಿದ. ತಲೆಯ ಒಂದು ಪಕ್ಕದಲ್ಲಿ ಅವನಿಗೆ ಕೂದಲು ಮಾತ್ರ ಮತ್ತೆ ಬರಲಿಲ್ಲ.

ಇಸ್ತ್ರಿ ಅಣ್ಣನ ಬಲಗೈಗೆ ಪ್ಲಾಸ್ಟರ್ ಕಟ್ಟು ಹಾಕಿದರು. ಬಲಗೈ ಇಲ್ಲದೆ ಇಸ್ತ್ರಿಯವನು ಏನು ಮಾಡಿಯಾನು? ಬೆಳಗ್ಗೆ ಸ್ಟುಡಿಯೋ ತೆರೆಯುವ ಮುಂಚೆ ಅಪ್ಪ ಅವನ ಗಾಡಿಯ ಮುಂದೆ ನಿಂತು ಬಟ್ಟೆ ಉಜ್ಜಲು ಶುರುಮಾಡಿದರು. ಇಸ್ತ್ರಿ ಅಣ್ಣ ಪಕ್ಕದ ಕಟ್ಟೆಯ ಮೇಲೆ ಕೂತು ಪಾಠ ಹೇಳುತ್ತಿದ್ದ. “ಕಾಲರು ಮೊದಲು ಸಾಮಿ. ತೋಳು ಆಮೇಲೆ. ಅಯ್ಯೋ, ನೀರು ಚಿಮುಕಿಸಿ ಅಂದ್ರೆ ಸ್ನಾನ ಮಾಡಿಸ್ತೀರಲ್ಲ.” ಅಪ್ಪ ವಕೀಲರೊಬ್ಬರ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಅಚ್ಚು ಒತ್ತಿದ ದಿನ ವಕೀಲರು, “ಇದನ್ನ ಯಾವ ಫಿಲಮಿನಲ್ಲಿ ತೆಗೆದಿರಿ?” ಎಂದು ಕೇಳಿದರು. ಸೋಡಾ ಯಜಮಾನರು ದಿನಾ ಒಂದು ಬಾಟಲಿಯನ್ನು ಗಾಡಿಯ ಮೂಲೆಯಲ್ಲಿ ತಂದಿಟ್ಟು ಮಾತಿಲ್ಲದೆ ಹೋಗುತ್ತಿದ್ದರು. ಇಸ್ತ್ರಿ ಅಣ್ಣ ಅದನ್ನು ಬಹಳ ಕಾಲ ಮುಟ್ಟಲಿಲ್ಲ. ಒಂದು ದಿನ ಎಡಗೈ ಹೆಬ್ಬೆರಳಿನಿಂದ ಗೋಲಿ ಒತ್ತಲು ಹೋಗಿ ಆಗದೆ, “ಬಂದು ಬಿಚ್ಚಿಕೊಡಿ ಸಾಮಿ, ಕೈ ಮುರಿದಿದ್ದು ನಿಮ್ಮವರೇ ತಾನೆ” ಎಂದು ಕೂಗಿದ. ಯಜಮಾನರು ಬಂದು ಬಿಚ್ಚಿಕೊಟ್ಟರು. ನೆರಳಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಕೈ ಕೂಡಿತು, ಆದರೆ ಎರಡು ಬೆರಳು ಮಡಚಲೇ ಇಲ್ಲ. ಅವನು ಇಸ್ತ್ರಿ ಪೆಟ್ಟಿಗೆಯನ್ನು ಎಡಗೈಗೆ ಬದಲಿಸಿಕೊಂಡ. ಒಂದು ದಿನ ಅಪ್ಪ, “ಬಾರಪ್ಪ, ನಿನ್ನದೊಂದು ಒಳ್ಳೆ ಫೋಟೋ ತೆಗೆದುಕೊಡ್ತೀನಿ. ಯಾವ ಫಿಲಂ ಬೇಕು ಹೇಳು” ಎಂದರು. ಅವನು ಕೈಮುಗಿದ. “ಬೇಡ ಸಾಮಿ. ನಾನಿಲ್ಲದ ಫೋಟೋಗೇ ಇಷ್ಟು ಪೆಟ್ಟು ತಿಂದೆ. ನಾನಿರೋ ಫೋಟೋ ಬಂದ್ರೆ ನನ್ನ ಗತಿ ಏನು?” ಬೀದಿಯೆಲ್ಲ ನಕ್ಕಿತು. ಅಪ್ಪ ನಗಲು ನೋಡಿದರು, ಆಗಲಿಲ್ಲ.

ಆ ವರ್ಷ ಮದುವೆಗಳಿಗೆ ಅಪ್ಪ ಎರಡೂ ಬಗೆಯ ಫಿಲಂ ತರಿಸಿದರು. ಅಮ್ಮನ ಮೆಚ್ಚು ಬದಲಾಗಲಿಲ್ಲ. ನನ್ನದು ಬದಲಾಯಿತು. 

ಈಗ ಇದೇ ಊರಿನ ವೇಲಚೇರಿಯಲ್ಲಿ, ಒಂಬತ್ತನೆಯ ಮಹಡಿಯಲ್ಲಿ ನನ್ನ ಮೊಮ್ಮಕ್ಕಳ ಜೊತೆ ಇದ್ದೇನೆ. ಮೊಮ್ಮಗಳು ಎಲ್ಲಿಂದಲೋ ಒಂದು ಹಳೆಯ ಕ್ಯಾಮೆರಾ ಕೊಂಡು ತಂದಿದ್ದಾಳೆ. ಕಪ್ಪು ಬಿಳುಪು ಫಿಲಂ ಈಗ ಮತ್ತೆ ಫ್ಯಾಶನ್ ಅಂತೆ. ಬೇರೆ ಬೇರೆ ಫಿಲಮಿನಲ್ಲಿ ತೆಗೆದ ಫೋಟೋಗಳನ್ನು ಊಟದ ಮೇಜಿನ ತುಂಬ ಹರಡಿ, “ತಾತಾ, ಇದ್ರಲ್ಲಿ ಎದು ನಲ್ಲಾ ಇರುಕ್ಕು, ಚೂಸ್ ಮಾಡು” ಎಂದು ತನ್ನ ಕಲಬೆರಕೆ ಭಾಷೆಯಲ್ಲಿ, ಯಾವುದು ಚೆನ್ನಾಗಿದೆ ಎಂದು ಕೇಳುತ್ತಾಳೆ. ನಾನು ಪ್ಯಾನಿನದನ್ನು ತೋರಿಸಿ, “ಇದು. ಆದರೆ ಇನ್ನೊಂದನ್ನೂ ಪಕ್ಕದಲ್ಲೇ ಇಟ್ಟುಕೋ” ಎನ್ನುತ್ತೇನೆ.

ಮೊಮ್ಮಗನಿಗೆ ಅಷ್ಟೆಲ್ಲ ತಾಳ್ಮೆ ಇಲ್ಲ. ಹೋದ ವಾರ ಅವನ ಫೋನಿಗೆ ಒಂದು ವಿಡಿಯೋ ಬಂತು. ಊಟ ತಂದುಕೊಡುವ ಹುಡುಗನೊಬ್ಬ ನಮ್ಮ ಕಟ್ಟಡದ ಗೇಟಿನಲ್ಲೇ ಯಾರೋ ಮುದುಕರನ್ನು ತಳ್ಳಿ ಬೀಳಿಸುತ್ತಾನೆ, ಇವನನ್ನು ಹಿಡಿಯಿರಿ ಎಂದು ಬರೆದಿತ್ತು. ಬಣ್ಣ ಬಣ್ಣದ ವಿಡಿಯೋ, ಕೆಂಪು ಕೆಂಪಾಗಿಯೇ ಇತ್ತು. ಅವನು ಅದನ್ನು ತನ್ನ ಗೆಳೆಯರಿಗೆಲ್ಲ ಕಳಿಸಲು ಹೆಬ್ಬೆರಳು ಎತ್ತಿದ್ದ. ನಾನು ಅವನನ್ನು ಕೂರಿಸಿಕೊಂಡು ಈ ಕಥೆಯನ್ನೆಲ್ಲ ಹೇಳಿದೆ. ಕೇಳಿದ ಮೇಲೆ ಅವನು ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಹೋಗಿ ಕಾವಲುಗಾರರನ್ನು ವಿಚಾರಿಸಿ ಬಂದ. ಜಾರಿ ಬೀಳುತ್ತಿದ್ದ ಮುದುಕರನ್ನು ಆ ಹುಡುಗ ಹಿಡಿಯಲು ಹೋದದ್ದಂತೆ, ವಿಡಿಯೋದಲ್ಲಿ ಅದರ ಮೊದಲ ಭಾಗ ಇರಲಿಲ್ಲವಂತೆ.

“ನಾನು ಅನುಪ್ಪಲೇ ತಾತಾ, ಕಳಿಸಲಿಲ್ಲ” ಎಂದ. ಆಮೇಲೆ ಫೋನು ತೆರೆದು ನನಗೆ ತೋರಿಸಿದ. ಅವನು ಕಳಿಸದಿದ್ದರೂ ಅದು ಎಲ್ಲೆಲ್ಲಿಗೋ ಹೋಗಿಬಿಟ್ಟಿತ್ತು. ನಮ್ಮ ಅಪ್ಪ ತಮ್ಮ ಕೈಯಿಂದ ಹೋದ ಒಂದೇ ಒಂದು ಫೋಟೋದ ಹಿಂದೆ ಓಡಿದರು. ಒಂದೇ ಬೀದಿ, ಹದಿನೆಂಟು ಮೆಟ್ಟಿಲು. ಅಷ್ಟು ಹತ್ತಿರವಿದ್ದೂ ಅವರು ತಲುಪುವ ಹೊತ್ತಿಗೆ ಒಬ್ಬನ ಕೈ ಮುರಿದಿತ್ತು.